ಇನ್ನು ಮುಂದೆ ಕಂಪ್ರೆಸರ್ ಒಂದನ್ನೇ ಬದಲಿಸುವುದಿಲ್ಲ

ಲಾರಿ, ಟಿಪ್ಪರ್ ಮಾಲೀಕರಿಗೆ, ಚಾಲಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಹೊಸಪೇಟೆ ಗ್ಯಾರೇಜಿನಲ್ಲಿ ಏರ್ ಬ್ರೇಕ್ ಕಂಪ್ರೆಸರ್ (ಬ್ರೇಕಿಗೆ ಬೇಕಾದ ಗಾಳಿ ಒತ್ತಿ ತುಂಬುವ ಪಂಪ್) ಒಂದನ್ನೇ ಬಿಚ್ಚಿ ಹೊಸದು ಕೂರಿಸುವುದಿಲ್ಲ. ಅದರ ಜೊತೆಗೆ ಅದರಿಂದ ಗಾಳಿ ಒಯ್ಯುವ ಡೆಲಿವರಿ ಪೈಪ್, ಗಾಳಿಯಲ್ಲಿರುವ ನೀರು ಹೀರುವ ಏರ್ ಡ್ರೈಯರ್ ಕಾರ್ಟ್ರಿಜ್ ಕೂಡ ಹೊಸದೇ ಹಾಕುತ್ತೇವೆ. ಗಾಳಿ ಟ್ಯಾಂಕುಗಳನ್ನೂ ಕ್ಲೀನ್ ಮಾಡಿ ಕೊಡುತ್ತೇವೆ. ಬಿಲ್ ಜಾಸ್ತಿಯಾಗುತ್ತದೆ, ಗೊತ್ತು. ಯಾಕೆ ಅಂತ ಹೇಳಬೇಕಲ್ವಾ?

ಹೋದ ಮಳೆಗಾಲದಲ್ಲಿ ಸಂಡೂರು ಕಡೆ ಅದಿರು ಹೊಡೆಯುವ ಟಿಪ್ಪರ್ ಒಂದು ಬಂತು. ಟ್ಯಾಂಕ್ ಡ್ರೈನ್ ಮಾಡಿದರೆ ನೀರಿನ ಜೊತೆ ಕಪ್ಪು ಆಯಿಲ್. ಕಂಪ್ರೆಸರ್ ರಿಂಗ್ ಸವೆದಿತ್ತು. ಹೊಸದು ಕೂರಿಸಿ ಕಳಿಸಿದೆವು. ಮೂರೇ ವಾರಕ್ಕೆ ಗಾಡಿ ವಾಪಸ್! ಎಷ್ಟು ಹೊತ್ತು ರೇಸ್ ಕೊಟ್ಟರೂ ಗೇಜ್ ಮುಳ್ಳು ಮೇಲೇಳುವುದಿಲ್ಲ. ಕೊನೆಗೆ ಹಳೇ ಡೆಲಿವರಿ ಪೈಪನ್ನೇ ಗರಗಸದಲ್ಲಿ ಕೊಯ್ದು ನೋಡಿದೆವು. ಆಯಿಲ್ ಸುಟ್ಟು ಕಾರ್ಬನ್ ಕಲ್ಲಿನ ಹಾಗೆ ಕಟ್ಟಿತ್ತು. ಪೆನ್ಸಿಲ್ ತೂರುವಷ್ಟೂ ಜಾಗವಿರಲಿಲ್ಲ. ಗಾಳಿ ಹೋಗುವುದಾದರೂ ಎಲ್ಲಿಂದ? ತಪ್ಪು ನಮ್ಮದೇ, ಎರಡನೇ ಸಲ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಪೈಪ್ ತುಂಡು ಈಗಲೂ ಟೇಬಲ್ ಮೇಲಿದೆ, ಬಂದಾಗ ನೋಡಿ.

ಡ್ರೈಯರ್ ಕಥೆಯೂ ಅಷ್ಟೇ. ಒಳಗಿನ ಕಾಳುಗಳು ಆಯಿಲ್ ಕುಡಿದವು ಅಂದರೆ ನೀರು ಹೀರುವುದಿಲ್ಲ. ಆ ನೀರು, ಆಯಿಲ್ ಎರಡೂ ವಾಲ್ವುಗಳಿಗೆ ಹೋಗಿ ರಬ್ಬರ್ ಹಾಳಾಗುತ್ತದೆ.

ಹಾಗಂತ ಏರ್ ಕಮ್ಮಿ ಅಂದ ಕೂಡಲೇ ಸುಮ್ನೆ ಕಂಪ್ರೆಸರ್ ಬಿಚ್ಚುವುದೂ ಬೇಡ. ಇನ್ನು ಮೇಲೆ ಮೊದಲು ಅರ್ಧ ಗಂಟೆ ಚೆಕ್ ಮಾಡುತ್ತೇವೆ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಲೀಕ್ ಹುಡುಕುತ್ತೇವೆ, ಟ್ಯಾಂಕ್ ತುಂಬಿದಾಗ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸುವ ಅನ್‌ಲೋಡರ್ ಸಿಕ್ಕಿಕೊಂಡಿದೆಯಾ ನೋಡುತ್ತೇವೆ. ಏರ್ ಫಿಲ್ಟರನ್ನಂತೂ ಬಿಚ್ಚಿಯೇ ನೋಡುತ್ತೇವೆ. ನಮ್ಮ ಕಡೆಯ ಕೆಂಪು ಧೂಳು ನಿಮಗೇ ಗೊತ್ತಲ್ಲ. ಫಿಲ್ಟರ್ ಕಟ್ಟಿಕೊಂಡರೆ ಕಂಪ್ರೆಸರ್ ಮೇಲಿನಿಂದ ಗಾಳಿ ಸಿಗದೆ ಕೆಳಗಿನಿಂದ ಎಂಜಿನ್ ಆಯಿಲ್ ಎಳೆಯುತ್ತದೆ. ಅದನ್ನು ಸರಿಮಾಡದೆ ಹೊಸ ಕಂಪ್ರೆಸರ್ ಹಾಕಿದರೂ ಮತ್ತೆ ಅದೇ ಕಥೆ. ಚೆಕ್ಕಿಂಗಿಗೆ 300 ರೂಪಾಯಿ. ಕೆಲಸ ನಮ್ಮಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ.

ಪೂರ್ತಿ ಸೆಟ್ ಹಾಕಿಸಿದ ಗಾಡಿಗೆ ನಮ್ಮ ಕೆಲಸದ ಮೇಲೆ 6 ತಿಂಗಳ ಗ್ಯಾರಂಟಿ. "ಹಳೇ ಪೈಪೇ ಇರಲಿ ಬಿಡಿ ಅಣ್ಣ" ಅಂದರೆ ಮಾತ್ರ ಆಗುವುದಿಲ್ಲ. ಘಾಟಿ ಇಳಿಯುವ ಗಾಡಿ ಅದು.

ಚಾಲಕರಲ್ಲಿ ಒಂದು ಮಾತು. ದಿನಾ ಗಾಡಿ ನಿಲ್ಲಿಸಿದ ಮೇಲೆ ಟ್ಯಾಂಕ್ ಡ್ರೈನ್ ಮಾಡಿ, ಬಂದದ್ದನ್ನು ಬೆರಳಿಗೆ ಹಚ್ಚಿ ನೋಡಿ. ಬರೀ ನೀರಾದರೆ ಡ್ರೈಯರ್ ತೋರಿಸಿ. ಜಿಡ್ಡಿದ್ದರೆ ಮುಂದಿನ ಲೋಡ್ ಹಾಕುವ ಮೊದಲೇ ಗಾಡಿ ತನ್ನಿ.

ಈ ತಿಂಗಳೊಳಗೆ ಅಡ್ವಾನ್ಸ್ ಕೊಟ್ಟವರಿಗೆ ಪೈಪ್, ಕಾರ್ಟ್ರಿಜ್ ಹಾಕುವ ಕೂಲಿ ಇಲ್ಲ, ಸಾಮಾನಿನ ದುಡ್ಡು ಮಾತ್ರ.

ಇಂತಿ,
ಗ್ಯಾರೇಜಿನ ಎಲ್ಲರ ಪರವಾಗಿ