ಅಲರ್ಜಿಗೂ ‘ಇಮ್ಯುನಿಟಿ’ ಹೆಚ್ಚಿಸಬೇಕೇ?

ಮಾನ್ಯರೇ,

ಸೀನು, ದಮ್ಮು, ತುರಿಕೆ ಇದ್ದವರಿಗೆಲ್ಲ ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ’ ಎಂಬ ಸಲಹೆ ಆರೋಗ್ಯ ಪುಟಗಳಲ್ಲಿ ಪದೇ ಪದೇ ಕಾಣುತ್ತಿದೆ. ಅಲರ್ಜಿಯಲ್ಲಿ ಆ ಶಕ್ತಿಗೆ ಕೊರತೆಯೇನೂ ಇರುವುದಿಲ್ಲ; ಪರಾಗದಂಥ ನಿರುಪದ್ರವಿ ವಸ್ತುವಿನ ಮೇಲೆ ಅದು ಹರಿಹಾಯುತ್ತದೆ, ಗುಬ್ಬಿ ಮೇಲೆ ಬ್ರಹ್ಮಾಸ್ತ್ರದ ಹಾಗೆ. ಹರಿಹಾಯುವಂತೆ ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ಪುಟ್ಟ ಪ್ರೊಟೀನ್‌ಗಳೇ ಸೈಟೊಕೈನ್‌ಗಳು.

ಮೂಗಿಗೆ ಪರಾಗ ಹೊಕ್ಕಾಗ, ಐಜಿಇ ಎಂಬ ಅಲರ್ಜಿಯ ಪ್ರತಿಕಾಯವನ್ನು ಅಂಟಿಸಿಕೊಂಡು ಕಾದಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳು ನಿಮಿಷಗಳಲ್ಲೇ ಹಿಸ್ಟಮಿನ್ ಎಂಬ ರಾಸಾಯನಿಕ ಕಾರುತ್ತವೆ. ಸೀನು, ಸೋರಿಕೆ ಶುರು. ಸೆಟಿರಿಜಿನ್ ಮಾತ್ರೆ ತಡೆಯುವುದು ಈ ಹಿಸ್ಟಮಿನ್‌ನ ಕೆಲಸವನ್ನು. ನಾಲ್ಕಾರು ಗಂಟೆ ಕಳೆದ ಮೇಲೆ ಇನ್ನೊಂದು ಸುತ್ತು: ಐಎಲ್-5 (‘ಐಎಲ್’ ಎಂದರೆ ಇಂಟರ್‌ಲ್ಯೂಕಿನ್, ಸೈಟೊಕೈನ್‌ಗಳ ಒಂದು ಗುಂಪು) ಕರೆಗೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಐಎಲ್-13 ಲೋಳೆ ಹೆಚ್ಚಿಸುತ್ತದೆ, ಐಎಲ್-4 ಮತ್ತಷ್ಟು ಐಜಿಇ ಮಾಡಿಸುತ್ತದೆ. ಮೂಗು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮಾತ್ರೆಗೆ ಅಷ್ಟಾಗಿ ಜಗ್ಗುವುದಿಲ್ಲ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಈ ಸೈಟೊಕೈನ್‌ಗಳ ತಯಾರಿಯನ್ನೇ ಜೀನ್ ಮಟ್ಟದಲ್ಲಿ ತಗ್ಗಿಸುತ್ತದೆ. ಹಾಗಾಗಿಯೇ ಪೂರ್ಣ ಫಲಕ್ಕೆ ಒಂದೆರಡು ವಾರ ಬೇಕು. ಎರಡೇ ದಿನಕ್ಕೆ ‘ಉಪಯೋಗವಿಲ್ಲ’ ಎಂದು ಮೂಲೆಗಿಡುವುದು ಶುದ್ಧ ಅವಸರ. ಸ್ಪ್ರೇ ನಳಿಕೆಯ ತುದಿ ಮೂಗಿನ ನಡುಗೋಡೆಯತ್ತ ತಿರುಗಿದ್ದರೆ ರಕ್ತ ಜಿನುಗಬಹುದು. ತುದಿ ಹೊರಗೆ, ಅದೇ ಬದಿಯ ಕಣ್ಣು–ಕಿವಿಯ ಕಡೆ ಇರಬೇಕು. ಬಲ ಹೊಳ್ಳೆಗೆ ಎಡಗೈ, ಎಡಕ್ಕೆ ಬಲಗೈ ಬಳಸಿದರೆ ಕೋನ ತಾನಾಗಿ ಸರಿಹೋಗುತ್ತದೆ.

ರೋಗ ಬದಲಾದರೆ ಸುದ್ದಿ ಮುಟ್ಟಿಸುವ ಸೈಟೊಕೈನ್‌ಗಳೂ ಬದಲಾಗುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಟಿಎನ್‌ಎಫ್ ಎಂಬ ಸೈಟೊಕೈನ್, ಐಎಲ್-6 ಮುಖ್ಯ. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಐಎಲ್-17, ಐಎಲ್-23. ಎಲ್ಲದಕ್ಕೂ ‘ಉರಿಯೂತ’ ಎಂಬ ಒಂದೇ ಹೆಸರಿದ್ದರೂ ಒಂದರ ಸೈಟೊಕೈನ್ ತಡೆಯುವ ಚುಚ್ಚುಮದ್ದು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಐಎಲ್-17 ತಡೆಯುವ ಔಷಧಿ ಸೋರಿಯಾಸಿಸ್‌ನ ಚರ್ಮವನ್ನು ತಿಳಿಗೊಳಿಸಿ, ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇರುವವರ ಕರುಳನ್ನು ಕೆರಳಿಸಬಹುದು.

ಟಿಎನ್‌ಎಫ್ ತಡೆಯುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಕ್ಷಯದ ಬ್ಯಾಕ್ಟೀರಿಯಾವನ್ನು ಗಂಟು ಕಟ್ಟಿ ಕೂಡಿಹಾಕಿರುವುದು ಇದೇ ಟಿಎನ್‌ಎಫ್. ಅದನ್ನು ಕಿತ್ತುಕೊಂಡರೆ ಗಂಟು ಸಡಿಲುತ್ತದೆ. ಹಾಗಾಗಿ ಮೊದಲ ಡೋಸ್‌ಗೆ ಮುನ್ನ ಎದೆಯ ಎಕ್ಸ್‌ರೇ, ಕ್ಷಯದ ಚರ್ಮ ಅಥವಾ ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ತಪಾಸಣೆ ಆಗಲೇಬೇಕು. ಸುಪ್ತ ಕ್ಷಯ (ಲಕ್ಷಣವಿಲ್ಲದೆ ಅಡಗಿರುವ ಸೋಂಕು) ಸಿಕ್ಕರೆ ಅದಕ್ಕೆ ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳ ಚಿಕಿತ್ಸೆ ಆದ ಬಳಿಕವೇ ಚುಚ್ಚುಮದ್ದು.

ಐಎಲ್-6 ತಡೆಯುವ ಟೊಸಿಲಿಜುಮ್ಯಾಬ್‌ನದು ಬೇರೆಯದೇ ಪೇಚು. ಉರಿಯೂತವನ್ನು ರಕ್ತ ಪರೀಕ್ಷೆಯಲ್ಲಿ ತೋರಿಸುವ ಸಿಆರ್‌ಪಿ ಎಂಬ ಪ್ರೊಟೀನನ್ನು ಯಕೃತ್ತಿನಿಂದ ಮಾಡಿಸುವುದು ಮುಖ್ಯವಾಗಿ ಐಎಲ್-6. ಈ ಔಷಧಿ ಪಡೆಯುವವರಿಗೆ ನ್ಯುಮೋನಿಯಾ ಬಂದರೂ ಸಿಆರ್‌ಪಿ ಏರದಿರಬಹುದು, ಜ್ವರವೂ ಮಂದವಾಗಿರಬಹುದು. ಹೊಸ ವೈದ್ಯರ ಬಳಿ ಹೋದಾಗ ವರದಿಗಿಂತ ಮೊದಲು ಚುಚ್ಚುಮದ್ದಿನ ಹೆಸರು, ಕೊನೆಯ ಡೋಸಿನ ದಿನಾಂಕ ಹೇಳಬೇಕು.