ಭಾನುವಾರದ ಮಾತುಕತೆ: ಡಿಯಾಗೊ ಗಾರ್ಸಿಯಾದ ಜನ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಹಾಸನದಲ್ಲಿ, ಯಾವಾಗಲೂ ಸೇರುವ ಮನೆಯಲ್ಲೇ ಸೇರೋಣ. ವಿಷಯ ಡಿಯಾಗೊ ಗಾರ್ಸಿಯಾ. ಹಿಂದೂ ಮಹಾಸಾಗರದ ಈ ದ್ವೀಪದಲ್ಲಿ ಅಮೆರಿಕದ ಸೇನಾ ನೆಲೆ ಇದೆ ಅಂತ ಸುದ್ದಿಯಲ್ಲಿ ಕೇಳುತ್ತೇವೆ. ಅಲ್ಲಿದ್ದ ಜನ ಏನಾದರು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಅವರು ನಮ್ಮ ಅರಸೀಕೆರೆ ಕಡೆಯವರ ಹಾಗೆ ತೆಂಗು, ಕೊಬ್ಬರಿ ನಂಬಿ ಬದುಕಿದವರು. 1965ರಲ್ಲಿ ಬ್ರಿಟನ್ ಡಿಯಾಗೊ ಗಾರ್ಸಿಯಾ ಸೇರಿದ ಚಾಗೋಸ್ ದ್ವೀಪಗಳನ್ನು ಆಗ ತನ್ನ ವಸಾಹತಾಗಿದ್ದ ಮಾರಿಷಸ್‌ನಿಂದ ಬೇರೆ ಮಾಡಿತು, ಮರುವರ್ಷ ಸೇನಾ ನೆಲೆಗಾಗಿ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. 1973ರ ಹೊತ್ತಿಗೆ ಎಲ್ಲರನ್ನೂ ಖಾಲಿ ಮಾಡಿಸಿದ್ದರು. ಆಸ್ಪತ್ರೆಗೆ ಅಂತ ಮಾರಿಷಸ್‌ಗೆ ಹೋದವರನ್ನು ವಾಪಸ್ ಬಿಡಲಿಲ್ಲ, ದಿನಸಿ ಬರುವುದು ಕಡಿಮೆಯಾಯಿತು, ಕೊನೆಗೆ ಅವರು ಸಾಕಿದ್ದ ನಾಯಿಗಳನ್ನು ಕೂಡಿಹಾಕಿ ಗಾಡಿಯ ಹೊಗೆ ಬಿಟ್ಟು ಕೊಂದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯ ಕೊಳೆಗೇರಿಗಳಲ್ಲಿ ಹೋಗಿ ಬಿದ್ದವರಿಗೆ ತೆಂಗಿನ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಅಲ್ಲಿ ಆ ಕೆಲಸ ಯಾರಿಗೂ ಬೇಕಿರಲಿಲ್ಲ.

ಬ್ರಿಟನ್ ಈ ದ್ವೀಪಗಳನ್ನು ಆದಷ್ಟು ಬೇಗ ಬಿಟ್ಟುಕೊಡಬೇಕು ಅಂತ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. 2025ರ ಮೇನಲ್ಲಿ ಮಾರಿಷಸ್ ಜೊತೆ ಒಪ್ಪಂದಕ್ಕೆ ಸಹಿಯೂ ಆಯಿತು, ಆದರೆ ಅದರಲ್ಲಿ ಡಿಯಾಗೊ ಗಾರ್ಸಿಯಾವನ್ನು ನೆಲೆಗಾಗಿ 99 ವರ್ಷ ಬ್ರಿಟನ್‌ಗೇ ಬಿಟ್ಟುಕೊಟ್ಟಿದ್ದಾರೆ.

ಒಂದು ಕೋರಿಕೆ. ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಅದು ಬೇರೆ ಕಥೆ, ಗೊತ್ತು. ಆದರೂ ಊರು ಕಳೆದುಕೊಳ್ಳುವುದು ಹೇಗಿರುತ್ತದೆ ಅಂತ ಅವರ ಬಾಯಿಂದಲೇ ಕೇಳಬೇಕು. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ವಯಸ್ಸಾದವರಿಗೆ ಕಾರು ಕಳಿಸುತ್ತೇವೆ.