ಬರೀ ಅಸಿಸ್ಟೆಂಟ್ ಅನ್ನಬೇಡ

ಚಿ. ಸಿಂಚನಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನೀನು ಯೂನಿವರ್ಸಿಟಿಯ ಚಿಯರ್‌ಲೀಡಿಂಗ್ ತಂಡಕ್ಕೆ ಅಸಿಸ್ಟೆಂಟ್ ಕೋಚ್ ಆದೆ ಅಂತ ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ಅರ್ಧ ಗಂಟೆ ಮಾತಾಡಿದಳು, ಅದರಲ್ಲಿ ಕಾಲು ಗಂಟೆ ಅತ್ತಳು. ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. "ಇಷ್ಟು ಓದಿಸಿದ್ದಕ್ಕೆ ಪೋಮ್‌ಪೋಮ್ ಕುಚ್ಚು ಅಲ್ಲಾಡಿಸೋ ಕೆಲಸ ಹಿಡಿದಿದ್ದಾಳಲ್ಲೇ ಅಕ್ಕಾ" ಅಂದಳು. ಮೈಸೂರಿಗೆ ಸುದ್ದಿ ಮುಟ್ಟಿದಾಗ ನಿನ್ನ ಮಾವ "ಓಹೋ, ಐಪಿಎಲ್‌ನಲ್ಲಿ ಕುಣೀತಾರಲ್ಲ, ಅದಾ?" ಅಂದನಂತೆ. ಅವನನ್ನು ಬೈಯ್ದುಕೊಳ್ಳಬೇಡ. 2008ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡದವರು ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಕರೆಸಿದ್ದರು. ನಮ್ಮ ಕಡೆಯ ಬಹಳ ಜನ ಆ ಪದ ಕಲಿತದ್ದೇ ಆಗ. ಬೌಂಡರಿ ಹೋದಾಗ ಕುಣಿಯುವವರು ಬೇರೆ, ಒಬ್ಬ ಹುಡುಗಿಯನ್ನು ಗಾಳಿಗೆಸೆದು ವಾಪಸ್ಸು ಹಿಡಿಯುವವರು ಬೇರೆ ಅಂತ ಮೈಸೂರಿನಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು!

ನನಗೆ ಗೊತ್ತು. 27 ವರ್ಷ ಮಿನಿಯಾಪೊಲಿಸ್‌ನಲ್ಲಿ ಫಿಸಿಯೋಥೆರಪಿ ಮಾಡಿದ ಕೈ ಇದು. ಚಿಯರ್ ಹುಡುಗಿಯರ ಮಣಿಕಟ್ಟು, ಹಿಮ್ಮಡಿ, ಭುಜ ಎಷ್ಟು ಹಿಡಿದು ನೋಡಿದ್ದೇನೋ ಲೆಕ್ಕವಿಲ್ಲ. ಬಾಗಿಲಲ್ಲಿ ನಡೆದು ಬರುವ ರೀತಿಯಲ್ಲೇ ಇವಳು ಮೇಲೇರುವ ಫ್ಲೈಯರೋ, ಕೆಳಗೆ ನಿಂತು ಹೊರುವ ಬೇಸೋ ಅಂತ ಹೇಳಿಬಿಡುತ್ತಿದ್ದೆ. ನೀನು ನಾಲ್ಕು ವರ್ಷ ಬೇಸ್ ಆಗಿದ್ದವಳು. ಈಗ ಯೂನಿವರ್ಸಿಟಿಯಲ್ಲಿ ಅಸಿಸ್ಟೆಂಟ್ ಕೋಚ್. ಅಜ್ಜಿ ಬೇಸಿಗೆ ರಜೆಯಲ್ಲಿ ಕೂರಿಸಿಕೊಂಡು ತಿದ್ದಿಸಿದ ಅಕ್ಷರ ನಿನಗಿನ್ನೂ ಮರೆತಿಲ್ಲ ಅನ್ನುವ ಧೈರ್ಯದ ಮೇಲೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ನಿಮ್ಮಮ್ಮನ ಹತ್ತಿರ ಓದಿಸಿಕೊ. ಅವಳೂ ಕೇಳಿಸಿಕೊಳ್ಳಲಿ.

ಮೊದಲು ಅವಳ ಸಂಕಟಕ್ಕೆ ಒಂದು ಮಾತು. ನಾನಿರುವ ಈ ಊರಿನಲ್ಲೇ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, 1898ರ ನವೆಂಬರಿನಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನುವ ವಿದ್ಯಾರ್ಥಿ ಸೋಲುತ್ತಿದ್ದ ಫುಟ್‌ಬಾಲ್ ತಂಡಕ್ಕಾಗಿ ಜನರೆದುರು ನಿಂತು ಘೋಷಣೆ ಕೂಗಿಸಿದ. ಚಿಯರ್‌ಲೀಡಿಂಗ್ ಹುಟ್ಟಿದ ದಿನ ಅಂತ ಅದನ್ನೇ ಹೇಳುತ್ತಾರೆ. ಆಗ ಇದು ಗಂಡಸರ ಕೆಲಸ, ಅದೂ ಮರ್ಯಾದೆಯ ಕೆಲಸ. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಮೊಣಕಾಲಿಗೆ ಪೆಟ್ಟಾಗಿ ಫುಟ್‌ಬಾಲ್ ಬಿಟ್ಟ ಮೇಲೆ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಚಿಯರ್‌ಲೀಡರ್ ಆಗಿದ್ದರು. ಹೆಣ್ಣುಮಕ್ಕಳು ಬಂದದ್ದು 1920ರ ದಶಕದಲ್ಲಿ; ಎರಡನೇ ಮಹಾಯುದ್ಧಕ್ಕೆ ಹುಡುಗರೆಲ್ಲ ಹೊರಟುಹೋದ ಮೇಲೆ ಬಹುಮಟ್ಟಿಗೆ ಅವರದ್ದೇ ಆಯಿತು. ಹೆಂಗಸರ ಕೈಗೆ ಬಂದ ಮೇಲೆ ಕೆಲಸ ಎರಡರಷ್ಟು ಕಷ್ಟದ್ದಾಯಿತು, ಮರ್ಯಾದೆ ಅರ್ಧಕ್ಕಿಳಿಯಿತು. ನಮ್ಮ ಅಡುಗೆಮನೆ ಕಥೆಯೇ ಅಲ್ಲೂ, ಏನು ಮಾಡುವುದು.

ಇನ್ನು ನಿನ್ನ ಕೆಲಸದ ವಿಷಯ. ಹೆಡ್ ಕೋಚ್ ಫೋಟೋದಲ್ಲಿರುತ್ತಾರೆ. ಅಸಿಸ್ಟೆಂಟ್ ಮ್ಯಾಟ್ ಸುತ್ತುತ್ತಿರುತ್ತಾಳೆ. ಐಸ್ ಚೀಲ, ಹಾಡಿನ ಸ್ಪೀಕರು, ಬಸ್ಸಿನ ಪಟ್ಟಿ, ಹೋಟೆಲಿನಲ್ಲಿ ಯಾರ ಜೊತೆ ಯಾರು, ಯಾರ ಸಮವಸ್ತ್ರದ ಜಿಪ್ ಕಿತ್ತಿದೆ, ಎಲ್ಲ ನಿನ್ನದೇ. ಸಂಬಳ ಅಂತ ಕೊಡುವುದು ಎಷ್ಟೋ ಕಡೆ ಹೆಸರಿಗಷ್ಟೇ. ಹಾಗಾಗಿ ಹಗಲಿನ ಕೆಲಸ ಬಿಡಬೇಡ. ಆರೋಗ್ಯ ವಿಮೆ ಯಾವ ಕೆಲಸದಿಂದ ಬರುತ್ತದೆ ಅಂತ ಕಾಗದ ಓದಿ ನೋಡಿಕೊ. ಇದರ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ, ನಿಮ್ಮಪ್ಪ ಹೇಳಿಯೇ ಹೇಳುತ್ತಾರೆ.

ನಾನು ಹೇಳಬೇಕೆಂದಿರುವುದು ಬೇರೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಚಿಯರ್ ಅನ್ನು ಕ್ರೀಡೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಹುಡುಗಿಯರ ವಾಲಿಬಾಲ್ ತೆಗೆದು ಅದರ ಜಾಗಕ್ಕೆ ಚಿಯರ್ ಇಡಲು ಹೋದಾಗ, ಇದು ಕ್ರೀಡೆಯ ಲೆಕ್ಕಕ್ಕೆ ಬರುವುದಿಲ್ಲ ಅಂತ ಕೋರ್ಟು 2010ರಲ್ಲಿ ತೀರ್ಪು ಕೊಟ್ಟಿತು. 2012ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೋರ್ಟಿನ ತರ್ಕ ಕೋರ್ಟಿಗಿರಲಿ. ಜಿಮ್ಮಿನೊಳಗೆ ಅದರ ಅರ್ಥ ಏನು ಗೊತ್ತಾ? ಬಾಸ್ಕೆಟ್‌ಬಾಲ್ ಹುಡುಗಿಗೆ ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ. ನಿನ್ನ ಹುಡುಗಿಯರಿಗೆ ಆ ಬೇಲಿ ಇಲ್ಲ. ಫುಟ್‌ಬಾಲ್ ಅಭ್ಯಾಸದ ಬದಿಯಲ್ಲಿ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ನಿಂತಿರುತ್ತಾರೆ. ನಿಮ್ಮ ಅಭ್ಯಾಸ ರಾತ್ರಿ ಒಂಬತ್ತಕ್ಕೆ, ಬೇರೆ ಯಾರಿಗೂ ಬೇಡವಾದ ಹೊತ್ತಿನಲ್ಲಿ, ಬೇರೆ ಯಾರಿಗೂ ಬೇಡವಾದ ಜಿಮ್ಮಿನಲ್ಲಿ. ಬೇಲಿ ಇಲ್ಲದ ಹೊಲಕ್ಕೆ ಕಾವಲಿನವರೇ ಬೇಲಿ. ಅಲ್ಲಿ ಕಾವಲಿರುವವಳು ನೀನು.

ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಕ್ರೀಡೆಯ ಭೀಕರ ಗಾಯಗಳನ್ನಷ್ಟೇ ಲೆಕ್ಕ ಇಡುವ ಒಂದು ಕೇಂದ್ರವಿದೆ. ಸ್ಕೂಲು ಕಾಲೇಜು ಹೆಣ್ಣುಮಕ್ಕಳಿಗೆ ಆದ ಅಂಥ ಗಾಯಗಳಲ್ಲಿ ದೊಡ್ಡ ಪಾಲು ಚಿಯರ್‌ನದ್ದು ಅಂತ ವರ್ಷಾನುವರ್ಷ ಅವರು ಹೇಳಿದ್ದಾರೆ. ಒಟ್ಟು ಗಾಯಗಳ ಲೆಕ್ಕ ಹಿಡಿದರೆ ಬೇರೆ ಎಷ್ಟೋ ಆಟಗಳಿಗಿಂತ ಚಿಯರ್ ವಾಸಿ. ಆದರೆ ಬಿದ್ದರೆ ಕುತ್ತಿಗೆ, ಬಿದ್ದರೆ ತಲೆ. ಅದೂ ಎಲ್ಲರೂ ನೋಡುವ ಸ್ಪರ್ಧೆಯ ದಿನಕ್ಕಿಂತ ಯಾರೂ ನೋಡದ ಅಭ್ಯಾಸದಲ್ಲೇ ಹೆಚ್ಚು.

2006ರ ಮಾರ್ಚಿನ ಆ ಸಂಗತಿ ನಿನಗೂ ಸೇಫ್ಟಿ ತರಗತಿಯಲ್ಲಿ ಹೇಳಿರಬೇಕು. ಸೇಂಟ್ ಲೂಯಿಸ್‌ನಲ್ಲಿ ಬಾಸ್ಕೆಟ್‌ಬಾಲ್ ಪಂದ್ಯ, ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗಿ ಪಿರಮಿಡ್ಡಿನ ತುದಿಯಿಂದ ಗಟ್ಟಿ ನೆಲಕ್ಕೆ ತಲೆಕೆಳಗಾಗಿ ಬಿದ್ದಳು. ಕುತ್ತಿಗೆ ಮೂಳೆ ಬಿರುಕು, ತಲೆಗೆ ಪೆಟ್ಟು. ಸ್ಟ್ರೆಚರ್ ಮೇಲೆ ಕಟ್ಟಿ ಹೊರಗೆ ಒಯ್ಯುವಾಗ ಬ್ಯಾಂಡಿನವರು ಕಾಲೇಜಿನ ಹಾಡು ಬಾರಿಸಿದರು. ಅವಳು ಮಲಗಿದಲ್ಲೇ ಎರಡೂ ಕೈ ಎತ್ತಿ ಆ ಹಾಡಿನ ಭಂಗಿಗಳನ್ನೆಲ್ಲ ಮಾಡಿದಳು. ಇಡೀ ಸ್ಟೇಡಿಯಂ ಎದ್ದು ಚಪ್ಪಾಳೆ ತಟ್ಟಿತು, ದೇಶವೆಲ್ಲ ಟಿವಿಯಲ್ಲಿ ಅದನ್ನು ನೋಡಿತು. ಆಮೇಲೆ ಮ್ಯಾಟ್ ಇಲ್ಲದ ಬಾಸ್ಕೆಟ್‌ಬಾಲ್ ಕೋರ್ಟಿನ ಮೇಲೆ ಹುಡುಗಿಯನ್ನು ಗಾಳಿಗೆಸೆಯುವ ಬಾಸ್ಕೆಟ್ ಟಾಸ್‌ಗೆ, ಎತ್ತರದ ಪಿರಮಿಡ್ಡಿಗೆ ನಿರ್ಬಂಧ ಬಂತು.

ಎಲ್ಲರಿಗೂ ಆ ಹುಡುಗಿಯ ಕೆಚ್ಚು ಕಾಣಿಸಿತು. ನನಗೆ ಕಾಣಿಸಿದ್ದು, ಕುತ್ತಿಗೆ ಮುರಿದಿರಬಹುದಾದ ಮಗು ಕೈ ಎತ್ತುತ್ತಿದೆ ಅನ್ನುವುದು. ನಿನ್ನ ಹುಡುಗಿಯರೆಲ್ಲ ಹಾಗೇ ಇರುತ್ತಾರೆ, ಸಿಂಚನ. ನಗಬೇಕು ಅಂತ ಹೇಳಿಕೊಟ್ಟಿರುತ್ತೇವಲ್ಲ, ನೋವಲ್ಲೂ ನಗುತ್ತಾರೆ. "ಐ ಯಾಮ್ ಫೈನ್" ಅನ್ನುವ ಮಾತಿಗೆ ಜಿಮ್ಮಿನೊಳಗೆ ಕಿಲುಬುಕಾಸಿನ ಬೆಲೆ ಇಲ್ಲ.

ಈಗ ನನ್ನದೇ ಒಂದು ಹಳೆಯ ಕಥೆ. ಊರು, ಕಾಲೇಜು ಯಾವುದು ಅಂತ ಕೇಳಬೇಡ. ಹತ್ತೊಂಬತ್ತು ವರ್ಷದ ಒಬ್ಬ ಫ್ಲೈಯರ್ ಮಣಿಕಟ್ಟು ತೋರಿಸಲು ನನ್ನ ಹತ್ತಿರ ಬರುತ್ತಿದ್ದಳು. ಒಂದು ದಿನ ಕಿಟಕಿಯ ಪರದೆ ಎಳೆಯಿರಿ ಅಂದಳು. ಬೆಳಕು ಚುಚ್ಚುತ್ತಿತ್ತಂತೆ. ಕೇಳಿದೆ. ಎರಡು ದಿನದ ಹಿಂದೆ ಕೆಳಗಿಳಿಯುವಾಗ ಬೇಸ್‌ನ ಮೊಣಕೈ ಕಿವಿಯ ಹಿಂದೆ ಬಡಿದಿದೆ, ಯಾರಿಗೂ ಹೇಳಿಲ್ಲ. ಇನ್ನು ಒಂಬತ್ತು ದಿನಕ್ಕೆ ನ್ಯಾಷನಲ್ಸ್, ರಾಷ್ಟ್ರಮಟ್ಟದ ಸ್ಪರ್ಧೆ. ಟೀಮಿನ ಟ್ರೇನರಿಗೆ ಹೇಳು ಅಂದರೆ ಅಳು. ಕೊನೆಗೆ ಅವಳನ್ನು ಒಪ್ಪಿಸಿ ಅವಳೆದುರಿಗೇ ಅಸಿಸ್ಟೆಂಟ್ ಕೋಚಿಗೆ ಫೋನ್ ಮಾಡಿದೆ. ಆ ಕೋಚ್ ಹುಡುಗಿಗೂ ನಿನ್ನಷ್ಟೇ ವಯಸ್ಸಿರಬೇಕು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದದ್ದು ಇಷ್ಟೇ: "ನಾನು ಬರೀ ಅಸಿಸ್ಟೆಂಟ್, ಹೆಡ್ ಕೋಚಿಗೆ ತಿಳಿಸ್ತೀನಿ."

ತಿಳಿಸಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಾನೂ ಮರುದಿನ ಮತ್ತೆ ಫೋನ್ ಮಾಡಲಿಲ್ಲ, ಕಾಗದದಲ್ಲಿ ಬರೆದೂ ಕಳಿಸಲಿಲ್ಲ. ಆ ವಾರ ನಮ್ಮ ಮನೆ ಬದಲಾಯಿಸುವ ಗಡಿಬಿಡಿ ಇತ್ತು ಅಂತ ಈಗಲೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ನಾಲ್ಕನೇ ದಿನ ಅದೇ ಹುಡುಗಿಗೆ ಮತ್ತೆ ತಲೆಗೆ ಬಿತ್ತು. ಆಮೇಲೆ ಆರು ತಿಂಗಳು ಅವಳಿಗೆ ಒಂದು ಪುಟ ಕೂತು ಓದಲು ಆಗಲಿಲ್ಲ, ಆ ವರ್ಷದ ಓದು ಹೋಯಿತು. ನನ್ನ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅದಕ್ಕೇ ನಿನಗೆ ಇಷ್ಟು ಉದ್ದ ಬರೆಯುತ್ತಿರುವುದು. "ಬರೀ ಅಸಿಸ್ಟೆಂಟ್" ಅನ್ನುವ ಮಾತು ನಿನ್ನ ಬಾಯಲ್ಲಿ ಬರಕೂಡದು. ಹೆಡ್ ಕೋಚಿಗಿಂತ ನೀನೇ ಆ ಮಕ್ಕಳ ಹತ್ತಿರ ನಿಂತಿರುತ್ತೀಯ. ಯಾರು ಎಣಿಕೆಯಲ್ಲಿ ಅರ್ಧ ತಾಳ ಹಿಂದೆ ಬೀಳುತ್ತಿದ್ದಾಳೆ, ಯಾರು ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದಾಳೆ, ಯಾರು ಬಾತ್‌ರೂಮಿನಲ್ಲಿ ಬಹಳ ಹೊತ್ತು ಇದ್ದಳು, ಇದೆಲ್ಲ ಕಾಣುವುದು ನಿನಗೆ. ತಲೆಗೆ ಪೆಟ್ಟು ಅಂತ ಅನುಮಾನ ಬಂದರೂ ಸಾಕು, ಆ ದಿನ ಅವಳು ಮತ್ತೆ ಮೇಲೇರುವುದಿಲ್ಲ. ಆಮೇಲಿನದನ್ನು ಡಾಕ್ಟರು, ಟ್ರೇನರು ಹೇಳಲಿ, ನೀನೂ ಅಲ್ಲ, ಹೆಡ್ ಕೋಚೂ ಅಲ್ಲ. ಬಾಯಲ್ಲಿ ಹೇಳಿ ಸುಮ್ಮನಾಗಬೇಡ, ಬರೆದು ಕಳಿಸು. ಉತ್ತರ ಬರದಿದ್ದರೆ ಮರುದಿನ ಮತ್ತೆ ಕಳಿಸು.

ಹೆಡ್ ಕೋಚ್ ಜೊತೆ ಜಗಳ ಕಾಯಬೇಕು ಅಂತಲ್ಲ. ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದರೆ ಹುಡುಗಿಯರು ನಡುವೆ ಸಿಕ್ಕಿಕೊಳ್ಳುತ್ತಾರೆ. ರೊಟೀನಿನಲ್ಲಿ, ಅಂದರೆ ಸ್ಪರ್ಧೆಯ ಪ್ರದರ್ಶನದಲ್ಲಿ, ಏನಿರಬೇಕು, ಯಾರು ಮುಂದೆ ನಿಲ್ಲಬೇಕು, ಹಾಡು ಯಾವುದು, ಇದೆಲ್ಲ ಅವರ ಯಜಮಾನಿಕೆ. ಒಪ್ಪದಿದ್ದರೆ ಬಾಗಿಲು ಹಾಕಿಕೊಂಡು ಆಫೀಸಿನಲ್ಲಿ ಹೇಳು, ಹೊರಗೆ ಬಂದು ಅವರು ಹೇಳಿದ್ದನ್ನೇ ಮಾಡಿಸು. ಒಂದು ವಿಷಯ ಮಾತ್ರ ಮೊದಲ ವಾರವೇ ಮಾತಾಡಿ ಗಟ್ಟಿ ಮಾಡಿಕೊ: "ಡೌನ್" ಅಂತ ಕೂಗಲು ಯಾರಿಗೂ ಯಾರ ಅಪ್ಪಣೆಯೂ ಬೇಡ. ನೀನು ಕೂಗಿದರೂ, ಹೊಸದಾಗಿ ಸೇರಿದ ಮೊದಲ ವರ್ಷದ ಹುಡುಗಿ ಕೂಗಿದರೂ ಸ್ಟಂಟ್, ಅಂದರೆ ಮೇಲೆತ್ತಿ ಹಿಡಿದ ಹುಡುಗಿ, ಕೆಳಗಿಳಿಯಬೇಕು, ಯಾಕೆ ಕೂಗಿದೆ ಅಂತ ಬೈಯುವ ಹಾಗಿಲ್ಲ. ಸೊಂಟದ ಎತ್ತರದಲ್ಲಿ ನಿಲ್ಲದ ಸ್ಟಂಟ್ ಭುಜಕ್ಕೆ ಹೋಗಬಾರದು, ಭುಜದಲ್ಲಿ ಅಲುಗಾಡುವುದು ತಲೆಯ ಮೇಲಕ್ಕೆ ಹೋಗಬಾರದು. ನಿನಗೆ ಗೊತ್ತಿರುವುದೇ. ಆದರೆ ಸ್ಪರ್ಧೆಗೆ ಹತ್ತು ದಿನ ಇರುವಾಗ, "ಇನ್ನೊಂದೇ ಒಂದು ಫುಲ್ ಔಟ್", ಪೂರ್ತಿ ರೊಟೀನ್ ಇನ್ನೊಮ್ಮೆ, ಅಂತ ಎಲ್ಲರೂ ಅನ್ನುವಾಗ, ಗಂಟೆ ರಾತ್ರಿ ಹನ್ನೊಂದಾಗಿರುವಾಗ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ. ನನ್ನ ಹತ್ತಿರ ಬಂದ ಪೆಟ್ಟುಗಳಲ್ಲಿ "ಅದೇ ಲಾಸ್ಟ್ ಅಂದ್ಕೊಂಡಿದ್ವಿ" ಅನ್ನುವ ಮಾತಿನ ಜೊತೆ ಬಂದದ್ದು ಎಷ್ಟೋ!

ಜಿಮ್ಮಿಗೆ ಆಂಬುಲೆನ್ಸ್ ಬರುವ ಗೇಟು ಯಾವುದು, ರಾತ್ರಿ ಅದರ ಬೀಗದ ಕೈ ಯಾರ ಹತ್ತಿರ, ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಪೆಟ್ಟಿಗೆ ಯಾವ ಗೋಡೆಯ ಮೇಲಿದೆ, ಇದನ್ನು ಈ ವಾರವೇ ನಡೆದು ನೋಡಿಕೊ.

ಇನ್ನೊಂದು ಮಾತು ಇದೆ, ಇದು ನಮ್ಮ ಮನೆತನದ ಕಾಯಿಲೆ. ಮದುವೆ ಮನೆಗೆ ಹೋದರೆ ಛತ್ರದ ಬಾಗಿಲಲ್ಲೇ "ಏನೇ, ಹೀಗೆ ಊದಿಕೊಂಡಿದ್ದೀಯ" ಅಂತ ಶುರು ಮಾಡುತ್ತೇವಲ್ಲ, ಆ ನಾಲಿಗೆಯನ್ನು ಜಿಮ್ಮಿಗೆ ಒಯ್ಯಬೇಡ. ನಿನಗೂ ಹನ್ನೆರಡನೇ ವಯಸ್ಸಿನಲ್ಲಿ ನಾನೇ ಅಂದಿದ್ದೆ, ಚೆನ್ನಾಗಿ ನೆನಪಿದೆ, ನೀನು ತಟ್ಟೆ ಬಿಟ್ಟು ಎದ್ದು ಹೋಗಿದ್ದೂ ನೆನಪಿದೆ. ಫ್ಲೈಯರ್‌ಗಳು ತೂಕದ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತಾರೆ, ಊಟದ ಜಾಗದಲ್ಲಿ. ಮೂಳೆ ಬಿರುಕು ಬಿಟ್ಟುಕೊಂಡು ಬಂದವರಲ್ಲಿ ತಿಂಗಳುಗಟ್ಟಲೆ ಮುಟ್ಟೇ ಆಗದವರನ್ನು ನೋಡಿದ್ದೇನೆ. ಸ್ಟಂಟ್ ಭಾರ ಅನಿಸಿದರೆ ಮೊದಲು ಬೇಸ್‌ಗಳ ಮೊಣಕಾಲು ನೋಡು, ಎಣಿಕೆ ನೋಡು. ಬಹಳ ಸಲ ಭಾರವಾಗಿರುವುದು ಹುಡುಗಿಯಲ್ಲ, ತಪ್ಪಿದ ತಾಳ.

ಅವರಿಗೂ ನಿನಗೂ ಮೂರು ನಾಲ್ಕು ವರ್ಷದ ಅಂತರ. ಶನಿವಾರ ರಾತ್ರಿಯ ಪಾರ್ಟಿಗೆ ಕರೆಯುತ್ತಾರೆ. ಹೋಗಬೇಡ. ಅಕ್ಕನಂತಿರು, ಗೆಳತಿಯಾಗಬೇಡ ಅಂತ ಬರೆಯಹೊರಟೆ, ನಿಮ್ಮಮ್ಮನಿಗೆ ಅಕ್ಕನಾಗಿರುವುದು ಎಷ್ಟು ಕಷ್ಟ ಅಂತ ನೆನಪಾಗಿ ನಗು ಬಂತು.

ಏಪ್ರಿಲ್‌ನಲ್ಲಿ ಸ್ಪರ್ಧೆಗೆ ಫ್ಲೋರಿಡಾದ ಡೇಟೋನಾ ಬೀಚ್‌ಗೆ ನಿಮ್ಮ ತಂಡ ಹೋಗುವ ಹಾಗಿದ್ದರೆ ಮೊದಲೇ ತಿಳಿಸು. ಎರಡು ಮೂರು ನಿಮಿಷದ ರೊಟೀನಿಗೆ ಅಷ್ಟು ದೂರ ಯಾರು ಬರುತ್ತಾರೆ ಅಂತ ದೊಡ್ಡಪ್ಪ ಗೊಣಗುತ್ತಿದ್ದಾರೆ. ಗೆದ್ದವರು ಸಮವಸ್ತ್ರದಲ್ಲೇ ಓಡಿ ಸಮುದ್ರಕ್ಕೆ ಬೀಳುತ್ತಾರೆ ಅಂದ ಮೇಲೆ ಸ್ವಲ್ಪ ಆಸಕ್ತಿ ಬಂದಿದೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಪಾರ್ಸಲ್ ಮಾಡಿದ್ದೇನೆ. ಎಡ ಮಣಿಕಟ್ಟು ಮಳೆ ಬಂದಾಗ ಇನ್ನೂ ನೋಯುತ್ತದೆ ಅಂತ ನಿಮ್ಮಮ್ಮ ಬಾಯಿಬಿಟ್ಟಳು. ನನಗೆ ಮಾತ್ರ "ಫೈನ್ ದೊಡ್ಡಮ್ಮ" ಅಂದಿದ್ದೆಯಲ್ಲ! ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಮೊದಲು ಆ ಕೈ ತೋರಿಸು, ಆಮೇಲೆ ಊಟ.

ಇತಿ ನಿನ್ನ
ದೊಡ್ಡಮ್ಮ